ಓದುಗರ ಪ್ರಶ್ನೆ: ಸೀಸೆಯ ಹಿಂಬದಿಯಲ್ಲಿ ಯಾರ ಹೆಸರಿದೆ?

ವೈನ್ ಆಮದಿನ ಬಗ್ಗೆ ಓದುಗರು ಕಳುಹಿಸಿರುವ ಪ್ರಶ್ನೆಗಳಲ್ಲಿ ಐದನ್ನು ಆರಿಸಿಕೊಂಡು ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ ಕೆಲವು ವರ್ಷಗಳಾದವು. ನನ್ನ ಸಹೋದ್ಯೋಗಿಯೊಬ್ಬರು ಯುರೋಪಿನ ವೈನ್ ಕೊಳ್ಳುವಾಗ ಮೊದಲು ಸೀಸೆಯನ್ನು ತಿರುಗಿಸಿ ಹಿಂಬದಿಯ ಲೇಬಲ್ ಓದುತ್ತಾರೆ. ಆಮದು ಮಾಡಿಕೊಂಡವರು ಯಾರೆಂದು ತಿಳಿದರೆ ಅರ್ಧ ನಿರ್ಧಾರ ಆದಂತೆಯೇ ಎನ್ನುತ್ತಾರೆ. ಬೆಳೆದವರನ್ನು ಬಿಟ್ಟು ತರಿಸಿದವರ ಹೆಸರಿಗೆ ಇಷ್ಟು ಬೆಲೆ ಏಕೆ?
– ಓದುಗರು, ಫ್ರೀಮಾಂಟ್

ಉತ್ತರ: ಅಮೆರಿಕದಲ್ಲಿ ಮಾರಾಟವಾಗುವ ಹೊರದೇಶದ ಪ್ರತಿಯೊಂದು ವೈನ್ ಸೀಸೆಯ ಮೇಲೂ ಅದನ್ನು ಆಮದು ಮಾಡಿಕೊಂಡವರ ಹೆಸರು ಮತ್ತು ಊರು ಇರಬೇಕೆಂಬುದು ಕಾನೂನು. 1989ರಿಂದ ಕಡ್ಡಾಯವಾಗಿರುವ ಆರೋಗ್ಯ ಎಚ್ಚರಿಕೆಯ ಆಸುಪಾಸಿನಲ್ಲಿ, ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣ ಅಕ್ಷರಗಳಲ್ಲಿ ಅದನ್ನು ಅಚ್ಚು ಹಾಕಿರುತ್ತಾರೆ. ದೊಡ್ಡ ಕಂಪನಿಗಳ ಮಟ್ಟಿಗೆ ಆ ಸಾಲಿನಿಂದ ತಿಳಿಯುವುದು ಕಡಿಮೆ. ಆದರೆ ಸಣ್ಣ ಸ್ವತಂತ್ರ ಆಮದುದಾರನೊಬ್ಬ ತಾನೇ ಬೆಳೆಗಾರನ ನೆಲಮಾಳಿಗೆಗೆ ಇಳಿದು, ಪೀಪಾಯಿಯಿಂದ ರುಚಿ ನೋಡಿ, ಇದು ಬೇಕು, ಅದು ಬೇಡ ಎಂದು ಆರಿಸಿ, ಅದು ಅಂಗಡಿಯ ಕಪಾಟು ಸೇರುವವರೆಗಿನ ಹೊಣೆಯನ್ನೂ ಹೊತ್ತಿದ್ದರೆ ಆ ಹೆಸರು ಒಂದು ಜಾಮೀನೇ ಆಗುತ್ತದೆ.

ನಿಮ್ಮ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿಯೇ ಇದಕ್ಕೆ ಅತ್ಯುತ್ತಮ ಉದಾಹರಣೆಯಿದೆ. ಕರ್ಮಿಟ್ ಲಿಂಚ್ ಎಂಬವರು 1972ರಲ್ಲಿ ಬರ್ಕ್ಲಿ ನಗರಕ್ಕೆ ಅಂಟಿಕೊಂಡಿರುವ ಆಲ್ಬನಿ ಎಂಬ ಪುಟ್ಟ ಊರಿನಲ್ಲಿ ಸಾಲದ ಹಣದಿಂದ ಒಂದು ವೈನ್ ಅಂಗಡಿ ತೆರೆದರು. ಅದಕ್ಕೆ ಮೊದಲು ಅವರು ಹಾಡುಗಾರರಾಗಿದ್ದವರು. ಹಳೆಯ ರತ್ನಗಂಬಳಿಗಳ ತುಂಡುಗಳಿಂದ ಕೈಚೀಲ ಮಾಡಿ ಮಾರಿದವರು. ಫ್ರಾನ್ಸಿನ ಬೋರ್ಡೋ ಪ್ರಾಂತದ ಪ್ರಸಿದ್ಧ ಹೆಸರುಗಳನ್ನು ಮಾರುವುದು ಸುಲಭವಾಗಿದ್ದ ಆ ದಿನಗಳಲ್ಲಿ ಅವರು ಹುಡುಕಿಕೊಂಡು ಹೋದದ್ದು ತಮ್ಮ ತೋಟದ ದ್ರಾಕ್ಷಿಯಿಂದ ತಾವೇ ವೈನ್ ಮಾಡಿ, ತಾವೇ ಸೀಸೆಗೆ ತುಂಬುತ್ತಿದ್ದ ರೈತ ಕುಟುಂಬಗಳನ್ನು. ಆ ದೇಶದ ಶಾಬ್ಲಿಯ ರಾವನೊ, ಕೊರ್ನಾಸ್‌ನ ಕ್ಲಾಪ್, ಬಾಂದೋಲ್‌ನ ದೊಮೇನ್ ತಾಂಪಿಯೆ ಮುಂತಾದ ಹೆಸರುಗಳು ಇಂದು ಪ್ರಪಂಚದ ವೈನ್ ಪ್ರಿಯರಿಗೆಲ್ಲ ಗೊತ್ತು. ಅಮೆರಿಕದಲ್ಲಿ ಅವು ಬೇರೂರಿದ್ದರಲ್ಲಿ ಲಿಂಚ್ ಅವರ ಪಾಲು ದೊಡ್ಡದು. ಈ ನಂಟು ಬರಿಯ ಖರೀದಿಗೆ ನಿಲ್ಲಲಿಲ್ಲ. ಶಾತೊನಫ್‌ನ ವಿಯೊ ತೆಲೆಗ್ರಾಫ್ ತೋಟದ ಬ್ರುನಿಯೆ ಕುಟುಂಬದ ವೈನ್ ತರಿಸುತ್ತಿದ್ದ ಅವರು, 1998ರಲ್ಲಿ ಅದೇ ಕುಟುಂಬದೊಂದಿಗೆ ಸೇರಿ ಜಿಗೊಂದಾಸ್‌ನ ಲೆ ಪಾಲಿಯೇರ್ ತೋಟವನ್ನು ಕೊಂಡರು. 2005ರಲ್ಲಿ ಫ್ರಾನ್ಸ್ ಅವರಿಗೆ ತನ್ನ ಲೆಜಿಯೊಂ ದೊನರ್ ಗೌರವವನ್ನು ನೀಡಿತು.

ಪ್ರಶ್ನೆ: ಹಾಲು ಮೊಸರಿನಂತೆ ವೈನ್ ಕೂಡ ಬಿಸಿಗೆ ಕೆಡುವುದಾದರೆ, ವಾರಗಟ್ಟಲೆ ಹಡಗಿನಲ್ಲಿ ಬರುವ ವೈನ್‌ನಲ್ಲಿ ಮೂಲದ ರುಚಿ ಉಳಿದಿರಲು ಸಾಧ್ಯವೇ?
– ಓದುಗರು, ಮೈಸೂರು

ಉತ್ತರ: ಹಾಲಿನಂತೆ ಒಡೆಯುವುದಿಲ್ಲ, ಆದರೆ ಕೆಡುತ್ತದೆ. ಫ್ರಾನ್ಸಿನಿಂದ ಕ್ಯಾಲಿಫೋರ್ನಿಯಾಕ್ಕೆ ಹೊರಟ ಹಡಗು ಅಟ್ಲಾಂಟಿಕ್ ದಾಟಿ, ಪನಾಮಾ ಕಾಲುವೆಯ ಉಷ್ಣವಲಯವನ್ನು ಹಾದು ಪೆಸಿಫಿಕ್ ಸೇರಬೇಕು. ಸಾಮಾನ್ಯ ಕಂಟೇನರ್ ಎಂದರೆ ಕಬ್ಬಿಣದ ಪೆಟ್ಟಿಗೆ. ಬಿಸಿಲಿಗೆ ಅದರೊಳಗೆ ಕೈಯಿಡಲಾಗದಷ್ಟು ಕಾವು ಏರುತ್ತದೆ. ಕಾವಿಗೆ ದ್ರವ ಹಿಗ್ಗಿ ಕಾರ್ಕನ್ನು ಮೇಲಕ್ಕೆ ತಳ್ಳುತ್ತದೆ, ಅಂಚಿನಿಂದ ಜಿನುಗುತ್ತದೆ, ತಣ್ಣಗಾದಾಗ ಅದೇ ಸಂದಿನಿಂದ ಗಾಳಿ ಒಳಸೇರುತ್ತದೆ. ಹೂವಿನಂಥ ಪರಿಮಳವಿದ್ದ ವೈನ್ ಬೇಯಿಸಿದ ಹಣ್ಣಿನಂತೆ ಮಂಕಾಗುತ್ತದೆ.

ಲಿಂಚ್ ಇದನ್ನು ನಷ್ಟ ಅನುಭವಿಸಿಯೇ ಕಲಿತರು. ಬರ್ಗಂಡಿಯ ವೊಲ್ನೇ ಗ್ರಾಮದ ಉಬೇರ್ ದ ಮೊಂತಿಯ್ ಅವರ ನೆಲಮಾಳಿಗೆಯಲ್ಲಿ ಮನಸೋತು ಕೊಂಡ ವೈನ್ ಕ್ಯಾಲಿಫೋರ್ನಿಯಾಕ್ಕೆ ಬಂದಾಗ ಅದೇ ವೈನ್ ಎಂದು ನಂಬಲಾಗದಷ್ಟು ನಿರ್ಜೀವವಾಗಿತ್ತು. ತಪ್ಪು ಬೆಳೆಗಾರನದಲ್ಲ, ದಾರಿಯದು ಎಂದು ಅರಿತ ಮೇಲೆ ಅವರು ಮಾಂಸ, ಹಣ್ಣುಗಳನ್ನು ಸಾಗಿಸುವ ಶೀತಲ ಕಂಟೇನರುಗಳಲ್ಲೇ ವೈನ್ ತರಿಸತೊಡಗಿದರು. ನೆಲಮಾಳಿಗೆಯ 13 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಂಪನ್ನು ಬೆಳೆಗಾರನ ಬಾಗಿಲಿನಿಂದ ತಮ್ಮ ಗೋದಾಮಿನವರೆಗೂ ಕಾಯ್ದುಕೊಳ್ಳುವುದು ಉದ್ದೇಶ. ಇದಕ್ಕೆ ಖರ್ಚು ಹೆಚ್ಚು, ಆ ಖರ್ಚು ಲೇಬಲ್ ಮೇಲೆ ಕಾಣಿಸುವುದಿಲ್ಲ, ಗಿರಾಕಿ ಅದನ್ನು ಕೇಳುವುದೂ ಇಲ್ಲ. ಪೈಪೋಟಿಯಲ್ಲಿರುವ ವ್ಯಾಪಾರಿ ಮೊದಲು ಕತ್ತರಿ ಹಾಕುವುದು ಇಂಥ ಖರ್ಚಿಗೇ. ಲಿಂಚ್ ಅವರ ನಂತರ ಒಳ್ಳೆಯ ಆಮದುದಾರರು ಒಬ್ಬೊಬ್ಬರಾಗಿ ಇದೇ ಪದ್ಧತಿಗೆ ಬಂದರು. ನನ್ನ ಅಭಿಪ್ರಾಯದಲ್ಲಿ ಅವರು ಪತ್ತೆ ಹಚ್ಚಿದ ಯಾವುದೇ ತೋಟಕ್ಕಿಂತ ಈ ಹಟವೇ ಅವರ ದೊಡ್ಡ ಕೊಡುಗೆ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಸಂಗತಿಯೂ ಇದೆ. ದೂರದ ಪ್ರಯಾಣದಲ್ಲಿ ತೊಂದರೆಯಾಗದಿರಲೆಂದು, ತಳದಲ್ಲಿ ಮಡ್ಡಿ ಕಾಣದಿರಲೆಂದು, ಅನೇಕ ಬೆಳೆಗಾರರು ರಫ್ತಿನ ವೈನನ್ನು ಬಿಗಿಯಾಗಿ ಸೋಸಿ ತುಂಬುತ್ತಿದ್ದರು. ಸೋಸುವಾಗ ಮಡ್ಡಿಯೊಂದಿಗೆ ಸಾರವೂ ಹೋಗುತ್ತದೆಂದು ನಂಬಿದ್ದ ಲಿಂಚ್, ಸೋಸದ ವೈನನ್ನೇ ಕೊಡುವಂತೆ ಅವರ ಮನವೊಲಿಸುತ್ತಿದ್ದರು. ಸಾಗಣೆ ತಂಪಾಗಿದ್ದುದರಿಂದಲೇ ಅವರು ಹಾಗೆ ಧೈರ್ಯವಾಗಿ ಕೇಳಬಹುದಾಗಿತ್ತು.

ಪ್ರಶ್ನೆ: ಕರ್ಮಿಟ್ ಲಿಂಚ್ ಎಂಬ ಒಬ್ಬ ಅಂಗಡಿಯವರಿಂದ ಬರ್ಕ್ಲಿ ನಗರದ ಅಭಿರುಚಿಯೇ ಬದಲಾಯಿತು ಎಂದು ಕೆಲವರು ಹೇಳುವುದು ಅತಿಶಯೋಕ್ತಿಯಲ್ಲವೇ?
– ಓದುಗರು, ಧಾರವಾಡ

ಉತ್ತರ: ಒಬ್ಬರಿಂದಲೇ ಎಂದರೆ ಅತಿಶಯೋಕ್ತಿಯೇ. ಬರ್ಕ್ಲಿಯಲ್ಲಿ ಮಣ್ಣು ಮೊದಲೇ ಹದವಾಗಿತ್ತು. ಲಿಂಚ್ ಅಂಗಡಿ ತೆರೆಯುವುದಕ್ಕೆ ಒಂದು ವರ್ಷ ಮೊದಲು, 1971ರಲ್ಲಿ, ಆಲಿಸ್ ವಾಟರ್ಸ್ ಅದೇ ನಗರದಲ್ಲಿ ಶೆ ಪನೀಸ್ ಎಂಬ ಉಪಾಹಾರ ಗೃಹವನ್ನು ಆರಂಭಿಸಿದ್ದರು. ಆಯಾ ಋತುವಿನ, ಹತ್ತಿರದ ಹೊಲಗಳ ತರಕಾರಿಯಿಂದಲೇ ಅಡುಗೆ ಮಾಡಬೇಕೆಂಬುದು ಅವರ ನಿಲುವಾಗಿತ್ತು. ಆ ಊಟಕ್ಕೆ ಹೊಂದುವಂತೆ, ಆಡಂಬರವಿಲ್ಲದ, ಹಳ್ಳಿಯ ಗುಣದ ವೈನ್ ಅವರಿಗೆ ಬೇಕಿತ್ತು. ಇಬ್ಬರಿಗೂ ಹಿರಿಯ ಮಿತ್ರರಾಗಿದ್ದವರು ಪ್ರೊವಾನ್ಸ್‌ನಲ್ಲಿ ನೆಲೆಸಿದ್ದ ಅಮೆರಿಕದ ಪಾಕಶಾಸ್ತ್ರ ಲೇಖಕ ರಿಚರ್ಡ್ ಓಲ್ನಿ. ಫ್ರಾನ್ಸಿನ ಬೆಳೆಗಾರರ ಮನೆಗಳಿಗೆ ಲಿಂಚ್ ಅವರನ್ನು ಕರೆದೊಯ್ದು, ದೊಮೇನ್ ತಾಂಪಿಯೆಯ ಲೂಸಿಯಾಂ ಮತ್ತು ಲುಲು ಪೇರೊ ದಂಪತಿಗೆ ಪರಿಚಯಿಸಿದವರೂ ಓಲ್ನಿಯೇ. ಲೂಸಿಯಾಂ ಅವರು ಬಾಂದೋಲ್‌ನಲ್ಲಿ ಮೂಲೆಗುಂಪಾಗುತ್ತಿದ್ದ ಮೂರ್ವೆದ್ರ್ ತಳಿಯ ದ್ರಾಕ್ಷಿಗಾಗಿ ಜೀವಮಾನವಿಡೀ ಹೋರಾಡಿದವರು. ಲುಲು ಅವರ ಊಟದ ಮೇಜಿನ ಖ್ಯಾತಿ ಬರ್ಕ್ಲಿಯವರೆಗೂ ಹಬ್ಬಿತು. 2020ರಲ್ಲಿ, 102ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಮುಂದೆ ಲಿಂಚ್ ಅವರ ಅಂಗಡಿ ಬರ್ಕ್ಲಿಯ ಸ್ಯಾನ್ ಪಾಬ್ಲೊ ರಸ್ತೆಗೆ ಬಂದು ನೆಲೆಸಿತು. ಅದರ ಪಕ್ಕದಲ್ಲೇ ಶೆ ಪನೀಸ್‌ನಲ್ಲಿ ಪಳಗಿದ ಬೇಕರಿಯವರ ಆಕ್ಮೆ ಬ್ರೆಡ್ ಅಂಗಡಿಯಿದೆ. ಬ್ರೆಡ್ ಕೊಳ್ಳಲು ಬಂದವರು ಒಂದು ಸೀಸೆ ವೈನನ್ನೂ ಕೈಯಲ್ಲಿ ಹಿಡಿದು ಹೋಗುವ ರೂಢಿ ಹೀಗೆ ಬೆಳೆಯಿತು.

ಲಿಂಚ್ ಅವರ ಪಾಲು ಎಲ್ಲಿದೆಯೆಂದರೆ, ಅವರು ಎದುರು ಈಜಿದರು. 1976ರ ಪ್ಯಾರಿಸ್ ಸ್ಪರ್ಧೆಯಲ್ಲಿ ಹತ್ತಿರದ ನಾಪಾ ಕಣಿವೆಯ ವೈನ್‌ಗಳು ಫ್ರಾನ್ಸಿನ ಘಟಾನುಘಟಿಗಳನ್ನು ಸೋಲಿಸಿದ್ದವು. ಕ್ಯಾಲಿಫೋರ್ನಿಯಾದಲ್ಲಿ ದಟ್ಟವಾದ, ಗಾಢ ಬಣ್ಣದ ವೈನ್‌ಗೆ ಬೇಡಿಕೆ ಏರುತ್ತಿತ್ತು. 100ಕ್ಕೆ ಇಷ್ಟು ಎಂದು ಅಂಕ ಕೊಡುವ ಪದ್ಧತಿಯೂ ಜೋರಾಗುತ್ತಿತ್ತು. ಅಂಥ ಹೊತ್ತಿನಲ್ಲಿ ಅವರು ತಿಂಗಳು ತಿಂಗಳೂ ಕೈಹೊತ್ತಿಗೆ ಬರೆದು, ಅಂಕಗಳನ್ನು ಗೇಲಿ ಮಾಡುತ್ತ, ಬೊಜೊಲೆಯಂಥ ಹಗುರ ವೈನ್‌ಗೂ ಗಂಭೀರ ಓದುಗರನ್ನು ಸಂಪಾದಿಸಿದರು. ಅದೇ ಬೊಜೊಲೆಯ ಮಾರ್ಸೆಲ್ ಲಾಪಿಯೆರ್ ಮತ್ತು ಅವರ ಮೂವರು ಗೆಳೆಯ ಬೆಳೆಗಾರರಿಗೆ ‘ನಾಲ್ವರ ಕೂಟ’ ಎಂಬ ಅಡ್ಡಹೆಸರಿಟ್ಟವರೂ ಅವರೇ. ಇಂದು ಸಹಜ ವೈನ್ (ಆದಷ್ಟೂ ಏನನ್ನೂ ಬೆರೆಸದೆ ಮಾಡುವ ವೈನ್) ಎಂದು ನಗರ ನಗರಗಳಲ್ಲಿ ಮಾತಾಡುವವರಲ್ಲಿ ಹಲವರು ಆ ನಾಲ್ವರನ್ನು ಗುರುಗಳೆಂದೇ ಎಣಿಸುತ್ತಾರೆ.

ಆಕ್ಷೇಪಗಳೂ ಇವೆ. ಹೀಗೆ ಆರಿಸಿ ತಂದ ಪಟ್ಟಿಯಲ್ಲಿ ಒಬ್ಬರ ನಾಲಗೆಯ ಒಲವು ಎದ್ದು ಕಾಣುತ್ತದೆ. ಒಂದು ಕಾಲದ ಅಗ್ಗದ ರೈತರ ವೈನ್ ಪ್ರಸಿದ್ಧಿಯಿಂದಾಗಿ ಈಗ ಸಾಮಾನ್ಯರ ಕೈಗೆ ಸಿಗದಷ್ಟು ದುಬಾರಿಯಾಗಿದೆ. ಎರಡನೆಯ ದೂರಿಗೆ ನನ್ನಲ್ಲಿ ಉತ್ತರವಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ದುಡ್ಡಿಗೂ ಕಡಿಮೆಯಿಲ್ಲ, ಆಸಕ್ತಿಗೂ ಕಡಿಮೆಯಿಲ್ಲ. ಇಂಥ ಸಣ್ಣ ಆಮದುದಾರರು ಇಲ್ಲೇಕೆ ಹುಟ್ಟಿಕೊಳ್ಳುತ್ತಿಲ್ಲ?
– ಓದುಗರು, ಜಯನಗರ, ಬೆಂಗಳೂರು

ಉತ್ತರ: ಮೊದಲ ತಡೆ ಸುಂಕ. ಹೊರದೇಶದ ವೈನ್ ಮೇಲೆ ನಮ್ಮ ಕೇಂದ್ರ ಸರ್ಕಾರದ ಆಮದು ಸುಂಕ ಬಹುಕಾಲದಿಂದ ಶೇ 150ರಷ್ಟಿದೆ. 2021ರ ಬಜೆಟ್ಟಿನಲ್ಲಿ ಅದನ್ನು ಶೇ 50ರ ಮೂಲ ಸುಂಕ, ಶೇ 100ರ ಕೃಷಿ ಮೂಲಸೌಕರ್ಯ ಸೆಸ್ ಎಂದು ವಿಂಗಡಿಸಿದರೇ ಹೊರತು ಒಟ್ಟು ಹೊರೆ ಇಳಿಯಲಿಲ್ಲ. ಸಾಗಣೆ ಮತ್ತು ವಿಮೆ ಸೇರಿ 1,000 ರೂಪಾಯಿ ಬೀಳುವ ಸೀಸೆ ಬಂದರಿನಿಂದ ಹೊರಬರುವ ಹೊತ್ತಿಗೆ 2,500 ಆಗಿರುತ್ತದೆ. ರಾಜ್ಯದ ಅಬಕಾರಿ ಸುಂಕ, ವ್ಯಾಪಾರಿಗಳ ಲಾಭಾಂಶ ಆಮೇಲಿನ ಮಾತು. 2022ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಒಪ್ಪಂದದಿಂದ ಆಸ್ಟ್ರೇಲಿಯಾದ ವೈನ್‌ಗೆ ಸ್ವಲ್ಪ ರಿಯಾಯಿತಿ ಸಿಕ್ಕಿತು: 5 ಅಮೆರಿಕನ್ ಡಾಲರ್ ಮೀರಿದ ಸೀಸೆಗೆ ಶೇ 100, 15 ಡಾಲರ್ ಮೀರಿದ್ದಕ್ಕೆ ಶೇ 75ರಿಂದ ಆರಂಭವಾಗಿ ವರ್ಷವರ್ಷವೂ ಇಳಿಯುವ ದರ.

ಸುಂಕಕ್ಕಿಂತ ಕಾಡುವುದು ಲೇಬಲ್ ನೋಂದಣಿ ಎಂದು ನನಗನಿಸುತ್ತದೆ. ರಾಜ್ಯದಲ್ಲಿ ಮಾರುವ ಪ್ರತಿಯೊಂದು ಲೇಬಲ್ಲಿಗೂ ಅಬಕಾರಿ ಇಲಾಖೆಯ ಅನುಮೋದನೆ ಪಡೆದು ಶುಲ್ಕ ಕಟ್ಟಬೇಕು. ಸಗಟು ವಿತರಣೆ 2003ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಮೂಲಕ ನಡೆಯಬೇಕು. ಒಂದೇ ಲೇಬಲ್ಲಿನ ಸಾವಿರಾರು ಪೆಟ್ಟಿಗೆ ಮಾರುವ ಕಂಪನಿಗೆ ಆ ಶುಲ್ಕ ಲೆಕ್ಕಕ್ಕೇ ಬಾರದು. ಆದರೆ ಬರ್ಗಂಡಿಯ ಒಬ್ಬ ರೈತನ ಎಂಟು ಬಗೆಯ ವೈನ್‌ಗಳಲ್ಲಿ ತಲಾ ಇಪ್ಪತ್ತು ಪೆಟ್ಟಿಗೆ ತರಿಸುವವರು ಎಂಟು ಸಲ ಶುಲ್ಕ ಕಟ್ಟಿ ಯಾವ ಸೀಸೆಯ ಮೇಲೆ ಎಷ್ಟು ಹಾಕಬೇಕು? ಲಿಂಚ್ ಅವರ ವ್ಯಾಪಾರದ ಜೀವಾಳವೇ ಇಂಥ ಪುಟ್ಟ ಪುಟ್ಟ ಕಂತುಗಳು. ಅದಲ್ಲದೆ ಕ್ಯಾಲಿಫೋರ್ನಿಯಾದಲ್ಲಿ ಅವರು ತಾವೇ ಆಮದುದಾರರು, ತಾವೇ ಸಗಟುದಾರರು, ತಾವೇ ಅಂಗಡಿಯವರು. ಹೀಗಾಗಿ ಗಿರಾಕಿಯ ಕೈಗೆ ಹೋಗುವವರೆಗೂ ವೈನ್ ಅವರ ಕಣ್ಣಳತೆಯಲ್ಲೇ ಇರುತ್ತದೆ. ಇಲ್ಲಿ ಆ ಸರಪಳಿ ಮೂರ್ನಾಲ್ಕು ಕೈಗಳಲ್ಲಿ ಹಂಚಿಹೋಗಿದೆ, ಏಪ್ರಿಲ್ ತಿಂಗಳ ಗೋದಾಮಿನ ಕಾವಿಗೆ ಯಾರೂ ಹೊಣೆಯಲ್ಲ.

ಆದ್ದರಿಂದ ಬೆಂಗಳೂರಿನ ವೈನ್ ಸಂಸ್ಕೃತಿಯನ್ನು ಕಟ್ಟಿದವರಲ್ಲಿ ಆಮದುದಾರರಿಗಿಂತ ಇಲ್ಲಿನ ಬೆಳೆಗಾರರೇ ಮುಂದು. ನಂದಿ ಬೆಟ್ಟದ ತಪ್ಪಲಿನಲ್ಲಿ 1988ರಲ್ಲಿ ಆರಂಭವಾದ ಗ್ರೋವರ್ ವೈನ್ ಸಂಸ್ಥೆ ಬೋರ್ಡೋದ ಹೆಸರಾಂತ ತಜ್ಞ ಮಿಶೆಲ್ ರೋಲಾಂ ಅವರ ಸಲಹೆ ಪಡೆದು ಫ್ರೆಂಚ್ ತಳಿಗಳನ್ನು ಒಗ್ಗಿಸಿಕೊಂಡಿತು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿದ ಮೇಲೆ ಕೃಷ್ಣಾ ಕಣಿವೆಯ ಕಡೆಗೂ ಈ ಉದ್ಯಮ ಹರಡಿತು. ಸಣ್ಣ ಆಮದುದಾರರು ಬೇಕೆಂದರೆ ಮೊದಲು ಸಣ್ಣ ಕಂತುಗಳಿಗೆ ಕಡಿಮೆ ನೋಂದಣಿ ಶುಲ್ಕ ವಿಧಿಸಬೇಕು. ಸುಂಕ ಇಳಿಸುವುದು ದೆಹಲಿಯ ಕೆಲಸ, ಇದು ಬೆಂಗಳೂರಿನಲ್ಲೇ ಆಗಬಹುದಾದದ್ದು.

ಪ್ರಶ್ನೆ: ಮಗಳ ಮನೆಗೆಂದು ಓಕ್ಲೆಂಡಿಗೆ ಹೋಗುತ್ತಿದ್ದೇನೆ. ಬರುವಾಗ ಮೂರು ಸೀಸೆ ವೈನ್ ತರಬೇಕೆಂದು ಅಳಿಯಂದಿರ ಆಸೆ. ಸುಂಕವಿಲ್ಲದೆ ತರಬಹುದೇ?
– ಓದುಗರು, ಶಿವಮೊಗ್ಗ

ಉತ್ತರ: ಒಬ್ಬ ಪ್ರಯಾಣಿಕರಿಗೆ ಸುಂಕವಿಲ್ಲದೆ ಅವಕಾಶವಿರುವುದು ಒಟ್ಟು 2 ಲೀಟರ್ ಮದ್ಯಕ್ಕೆ ಮಾತ್ರ. ಸೀಸೆಗೆ 750 ಮಿಲಿಲೀಟರಿನಂತೆ ಎರಡು ತರಬಹುದು, ಮೂರನೆಯದು ಮಿತಿ ಮೀರುತ್ತದೆ. ಮನೆಯವರು ಜೊತೆಗಿದ್ದರೆ ಅವರ ಪಾಲು ಬೇರೆ. ಅಂಗಡಿಯಲ್ಲಿ ಕೊಂಡ ಸೀಸೆ ಕೈಚೀಲದಲ್ಲಿ ನಡೆಯದು, ಬಟ್ಟೆಯ ನಡುವೆ ಸುತ್ತಿ ದೊಡ್ಡ ಪೆಟ್ಟಿಗೆಯಲ್ಲೇ ಇಡಬೇಕು. ಕೊಳ್ಳುವ ಮೊದಲು ಸೀಸೆಯ ಕತ್ತನ್ನು ಬೆರಳಿನಿಂದ ಸವರಿ ನೋಡಿ: ಕಾರ್ಕ್ ಬಾಯಿಗಿಂತ ಮೇಲೆ ಉಬ್ಬಿದ್ದರೆ, ಹೊದಿಕೆಯ ಅಂಚಿನಲ್ಲಿ ಅಂಟಂಟು ಕಲೆಯಿದ್ದರೆ ಅದು ಎಲ್ಲಿಯೋ ಕಾವು ಕಂಡಿದೆ. ಅಂಥದ್ದನ್ನು ಬಿಟ್ಟು ಬೇರೆ ಕೇಳಿ. ಒಳ್ಳೆಯ ಅಂಗಡಿಯವರು ಅದಕ್ಕೆ ಬೇಸರಿಸಿಕೊಳ್ಳುವುದಿಲ್ಲ.