ತಿಳಿನೀರಿನಲ್ಲಿ ಕರಗಿರುವುದೇನು? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಕೈಸೇರಿದ ಪತ್ರಗಳಲ್ಲಿ ಹೆಚ್ಚಿನವು ಕೋಲಾರ, ಚಿಕ್ಕಬಳ್ಳಾಪುರ ಮತ್ತು ತುಮಕೂರು ಜಿಲ್ಲೆಗಳಿಂದ ಬಂದಿವೆ. ಎಲ್ಲವೂ ಕೊಳವೆಬಾವಿಯ ನೀರನ್ನೇ ಕುರಿತವು. ಆದ್ದರಿಂದ ಅವನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಕೊಳವೆಬಾವಿಯ ನೀರನ್ನು ಚೆನ್ನಾಗಿ ಕುದಿಸಿ, ತಳದಲ್ಲಿ ಕೂರುವ ಬಿಳಿ ಪುಡಿಯನ್ನು ಬಟ್ಟೆಯಲ್ಲಿ ಸೋಸಿ ಕುಡಿಯುತ್ತೇವೆ. ಆ ಪುಡಿಯೇ ಫ್ಲೋರೈಡ್ ಎಂದು ಊರಿನವರು ಹೇಳುತ್ತಾರೆ. ನಿಜವೇ? (ಬಾಗೇಪಲ್ಲಿ ತಾಲ್ಲೂಕಿನ ಓದುಗರು)

ಉತ್ತರ: ನಿಜವಲ್ಲ. ಈ ನಂಬಿಕೆಯಿಂದ ಅಪಾಯವೂ ಇದೆ. ತಳದಲ್ಲಿ ಕೂರುವ ಪುಡಿ ಬಹುಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟ್, ಎಂದರೆ ಸುಣ್ಣಕಲ್ಲಿನ ವಸ್ತು. ಮಣ್ಣಿನೊಳಗೆ ಇಳಿಯುವ ಮಳೆನೀರು ಅಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಆಮ್ಲೀಯವಾಗುತ್ತದೆ, ಕಲ್ಲು ಮಣ್ಣಿನ ಕ್ಯಾಲ್ಸಿಯಂ ಅದರಲ್ಲಿ ಬೈಕಾರ್ಬೊನೇಟ್ ರೂಪದಲ್ಲಿ ಕರಗುತ್ತದೆ. ನೀರನ್ನು ಕುದಿಸಿದಾಗ ಆ ಅನಿಲ ಹೊರಟುಹೋಗುತ್ತದೆ, ಬೈಕಾರ್ಬೊನೇಟು ಕಾರ್ಬೊನೇಟಾಗಿ ಬದಲಾಗುತ್ತದೆ, ಕಾರ್ಬೊನೇಟು ನೀರಿನಲ್ಲಿ ಹೆಚ್ಚು ಕರಗದ ಕಾರಣ ತಳಕ್ಕೆ ಇಳಿಯುತ್ತದೆ. ಹಂಡೆಯ ಒಳಮೈಗೆ ಅಂಟಿದ ಬಿಳಿ ಚಕ್ಕೆಯೊಂದನ್ನು ಕೆರೆದು ತಟ್ಟೆಯಲ್ಲಿಟ್ಟು ಎರಡು ಹನಿ ನಿಂಬೆರಸ ಬಿಡಿ. ಚಕ್ಕೆಯ ಅಂಚಿನಿಂದ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ. ಕಾರ್ಬೊನೇಟಿನಿಂದ ಬಿಡುಗಡೆಯಾಗುವ ಇಂಗಾಲದ ಡೈಆಕ್ಸೈಡೇ ಅದು.

ಫ್ಲೋರೈಡ್ ಹೀಗೆ ಆವಿಯಾಗುವುದೂ ಇಲ್ಲ, ಕುದಿಸಿದ ಮಾತ್ರಕ್ಕೆ ತಳಕ್ಕೆ ಇಳಿಯುವುದೂ ಇಲ್ಲ. ಅದು ಕರಗಿದ ಅಯಾನಾಗಿ ನೀರಿನಲ್ಲೇ ಉಳಿಯುತ್ತದೆ, ಬಟ್ಟೆಯ ಎಳೆಗಳ ನಡುವಿನಿಂದ ನೀರಿನ ಜೊತೆಗೇ ಸಾಗುತ್ತದೆ. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ 10 ಲೀಟರ್ ನೀರಿನಲ್ಲಿ ಒಟ್ಟು 20 ಮಿಲಿಗ್ರಾಂ ಇರುತ್ತದೆ. ಕುದಿಸಿ 8 ಲೀಟರಿಗೆ ಇಳಿಸಿದರೆ ಅದೇ 20 ಮಿಲಿಗ್ರಾಂ 8 ಲೀಟರಿನಲ್ಲಿ ಉಳಿದು, ಲೀಟರಿಗೆ 2.5 ಮಿಲಿಗ್ರಾಂ ಆಗುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರು ಸಿಗದಿದ್ದಲ್ಲಿ ಮಾತ್ರ 1.5ರವರೆಗೆ ಒಪ್ಪಬಹುದು. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ, ಆ ಕಾರಣಕ್ಕಾಗಿ ಕುದಿಸುವುದನ್ನು ಬಿಡಬೇಡಿ. ಫ್ಲೋರೈಡಿಗೆ ಮಾತ್ರ ಅದು ಮದ್ದಲ್ಲ.

ಇಲ್ಲೇ ಇನ್ನೊಂದು ಮಾತು ಹೇಳಬೇಕು. ಎಷ್ಟೋ ಮನೆಗಳಲ್ಲಿ ಕುಡಿಯಲು ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತಾರೆ, ಅಡುಗೆಗೆ ಮಾತ್ರ ನಲ್ಲಿಯ ಕೊಳವೆಬಾವಿ ನೀರನ್ನೇ ಬಳಸುತ್ತಾರೆ. ಮುದ್ದೆಗೆ ಇಟ್ಟ ಎಸರು ಬಹುಪಾಲು ಹಿಟ್ಟಿನೊಳಗೇ ಸೇರುತ್ತದೆ. ಬೇಳೆ ಬೇಯುವಾಗ ಆವಿಯಾಗುವುದು ನೀರು ಮಾತ್ರ, ಅದರಲ್ಲಿದ್ದ ಫ್ಲೋರೈಡೆಲ್ಲ ಸಾರಿನಲ್ಲೇ ಉಳಿಯುತ್ತದೆ. ಆದುದರಿಂದ ಅಡುಗೆಯ ನೀರನ್ನೂ ಕುಡಿಯುವ ನೀರೆಂದೇ ಎಣಿಸಬೇಕು. ಮನೆಯಲ್ಲಿ ಆರ್‌ಒ ಯಂತ್ರವಿದ್ದರೆ, ಅದು ಹೊರಗೆ ಬಿಡುವ ನೀರಿನಲ್ಲಿ ಫ್ಲೋರೈಡ್ ಮೊದಲಿಗಿಂತ ಗಟ್ಟಿಯಾಗಿರುತ್ತದೆ. ಅದನ್ನು ನೆಲ ಒರೆಸಲು ಬಳಸಿ, ಅಡುಗೆಗೂ ದನಕರುಗಳಿಗೂ ಬೇಡ.

ಪ್ರಶ್ನೆ: ನಮ್ಮ ಹಳೆಯ ಬೋರ್‌ವೆಲ್ ನೀರು ಗಡಸು, ಸೋಪು ನೊರೆ ಬರುತ್ತಿರಲಿಲ್ಲ. ಈಗ ಇನ್ನೂ ಆಳಕ್ಕೆ ಕೊರೆಸಿದ ಹೊಸ ಬೋರ್‌ವೆಲ್ ನೀರಿನಲ್ಲಿ ನೊರೆ ಚೆನ್ನಾಗಿ ಬರುತ್ತದೆ, ರುಚಿಯೂ ಹಿತವಾಗಿದೆ. ಹಳೆಯದನ್ನು ಮುಚ್ಚಿಬಿಡಬಹುದೇ? (ಪಾವಗಡದ ರೈತರೊಬ್ಬರು)

ಉತ್ತರ: ಎರಡನ್ನೂ ಪರೀಕ್ಷೆ ಮಾಡಿಸುವ ತನಕ ದಯವಿಟ್ಟು ಮುಚ್ಚಬೇಡಿ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನೊಂದಿಗೆ ಕೂಡಿ ಕರಗದ ಜಿಡ್ಡಾಗುವುದರಿಂದ ನೊರೆ ಏಳುವುದಿಲ್ಲ. ನೊರೆ ಚೆನ್ನಾಗಿ ಬರುತ್ತಿದೆ ಎಂದರೆ ಇವೆರಡೂ ಕಡಿಮೆ ಇವೆ ಎಂದಷ್ಟೇ ಅರ್ಥ. ನಮ್ಮ ಬಯಲುಸೀಮೆಯಲ್ಲಿ ಎಚ್ಚರ ವಹಿಸಬೇಕಾದದ್ದು ಸರಿಯಾಗಿ ಈ ಜಾಗದಲ್ಲೇ.

ಈ ಜಿಲ್ಲೆಗಳ ತಳಬಂಡೆ ಗ್ರಾನೈಟ್ ಮತ್ತು ನೈಸ್ ಜಾತಿಯದು. ಅದರಲ್ಲಿರುವ ಬಯೊಟೈಟ್, ಅಪಟೈಟ್, ಫ್ಲೋರೈಟ್ ಮೊದಲಾದ ಖನಿಜಗಳಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಫ್ಲೋರೈಟ್ ಎಂದರೆ ಕ್ಯಾಲ್ಸಿಯಂ ಫ್ಲೋರೈಡ್; ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದಷ್ಟೂ ಅದು ಕಡಿಮೆ ಕರಗುತ್ತದೆ. ಸೈದ್ಧಾಂತಿಕ ಲೆಕ್ಕದಲ್ಲಿ, ಲೀಟರಿಗೆ 160 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ನೀರು ಸುಮಾರು 1.8 ಮಿಲಿಗ್ರಾಂ ಫ್ಲೋರೈಡನ್ನಷ್ಟೇ ಹಿಡಿದಿಡಬಲ್ಲದು. ಕ್ಯಾಲ್ಸಿಯಂ 40ಕ್ಕೆ ಇಳಿದರೆ ಆ ಮಿತಿ ಸುಮಾರು 3.5ಕ್ಕೆ ಏರುತ್ತದೆ, 10ಕ್ಕೆ ಇಳಿದರೆ ಸುಮಾರು 7ಕ್ಕೆ. ಇದು ಮೇಲಿನ ಮಿತಿಯ ಲೆಕ್ಕವೇ ಹೊರತು ಪ್ರತಿ ಬಾವಿಯಲ್ಲೂ ಅಷ್ಟೇ ಇರುತ್ತದೆಂದಲ್ಲ. ಆದರೆ ಆಳದ ಬಿರುಕುಗಳಲ್ಲಿ ಬಹುಕಾಲ ಬಂಡೆಯ ಸಂಗದಲ್ಲಿದ್ದ ನೀರಿನಿಂದ ಕ್ಯಾಲ್ಸಿಯಂ ಕಾರ್ಬೊನೇಟಾಗಿ ಬೇರ್ಪಟ್ಟು, ಅಥವಾ ಜೇಡಿಯಲ್ಲಿರುವ ಸೋಡಿಯಂ ಜೊತೆ ಅದಲುಬದಲಾಗಿ, ಕಡಿಮೆಯಾಗುವುದುಂಟು. ಆಗ ನೀರು ಕೈಗೆ ನುಣುಪಾಗುತ್ತದೆ, ನೊರೆ ಬರುತ್ತದೆ, ಫ್ಲೋರೈಡ್ ಹೆಚ್ಚು ಕರಗಲು ಎಡೆಯೂ ಆಗುತ್ತದೆ. ಈ ಪ್ರಮಾಣದಲ್ಲಿ ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಮಕ್ಕಳ ಶಾಶ್ವತ ಹಲ್ಲಿನ ಎನಾಮಲ್ ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಇಂಥ ನೀರು ಹೊಟ್ಟೆ ಸೇರಿದರೆ, ಮುಂದೆ ಮೂಡುವ ಹಲ್ಲುಗಳ ಮೇಲೆ ಬಿಳಿ, ಕಂದು ಪಟ್ಟೆಗಳಾಗಿ ಅದು ಕಾಣಿಸಿಕೊಳ್ಳುತ್ತದೆ. ಕಲೆ ಕಾಣುವ ಹೊತ್ತಿಗೆ ಅದನ್ನು ತಡೆಯುವ ಕಾಲ ಮುಗಿದಿರುತ್ತದೆ ಎಂಬುದು ನನ್ನನ್ನು ಬಹಳ ಕಾಡುವ ಸಂಗತಿ.

ಅಂಗಡಿಯಲ್ಲಿ ಸಿಗುವ ಟಿಡಿಎಸ್ ಮೀಟರನ್ನು ನೆಚ್ಚಬೇಡಿ. ನೀರು ವಿದ್ಯುತ್ತನ್ನು ಎಷ್ಟು ಸಾಗಿಸುತ್ತದೆ ಎಂಬುದರಿಂದ ಅದು ಒಟ್ಟು ಲವಣಗಳನ್ನು ಅಂದಾಜು ಮಾಡುತ್ತದೆಯೇ ವಿನಾ ಅದರಲ್ಲಿ ಫ್ಲೋರೈಡ್ ಎಷ್ಟೆಂದು ಹೇಳಲಾರದು. ಗಾಜಿನ ಬಾಟಲಿಯ ಬದಲು ಶುಚಿಯಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರನ್ನು ತುಂಬಿ, ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಒಯ್ದು ‘ಫ್ಲೋರೈಡ್’ ಎಂದು ಹೆಸರಿಸಿಯೇ ಪರೀಕ್ಷೆ ಕೇಳಿ.

ಪ್ರಶ್ನೆ: ಗಡಸು ನೀರಿನಲ್ಲಿ ರೇಷ್ಮೆಯ ಹೊಳಪು ಏಕೆ ಮಂಕಾಗುತ್ತದೆ? (ಶಿಡ್ಲಘಟ್ಟದ ರೀಲರ್)

ಉತ್ತರ: ಗೂಡಿನ ಎಳೆ ಎರಡು ಪ್ರೋಟೀನುಗಳಿಂದ ಆಗಿದೆ: ಒಳಗಿನ ಗಟ್ಟಿ ಎಳೆ ಫೈಬ್ರಾಯಿನ್, ಅದನ್ನು ಅಂಟಿನಂತೆ ಸುತ್ತಿರುವುದು ಸೆರಿಸಿನ್. ಬಿಸಿನೀರಿನಲ್ಲಿ ಸೆರಿಸಿನ್ ಮೆತ್ತಗಾಗುವುದರಿಂದಲೇ ಎಳೆ ಬಿಚ್ಚಿಕೊಳ್ಳುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿದ್ದರೆ ಈ ಅಂಟು ಸಮನಾಗಿ ಮೆತ್ತಗಾಗುವುದಿಲ್ಲ. ಮುಂದೆ ಸೋಪಿನ ನೀರಿನಲ್ಲಿ ಅಂಟು ತೆಗೆಯುವಾಗ, ಕರಗದ ಕ್ಯಾಲ್ಸಿಯಂ ಸೋಪು ಎಳೆಯ ಮೇಲೆ ತೆಳುವಾಗಿ ಕೂತು ಬೆಳಕನ್ನು ಚದರಿಸುತ್ತದೆ. ಮಂಕು ಕಾಣುವುದು ಅದರಿಂದ. ಮಳೆನೀರು ಕೂಡಿಟ್ಟು ಬಳಸಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಪ್ರಶ್ನೆ: ಶಾಲೆಯ ಮಾಳಿಗೆಯ ಮಳೆನೀರನ್ನು ಬೋರ್‌ವೆಲ್ ನೀರಿಗೆ ಬೆರೆಸಿದರೆ ಫ್ಲೋರೈಡ್ ಎಷ್ಟು ಇಳಿಯುತ್ತದೆ? (ಮಾಲೂರಿನ ಶಿಕ್ಷಕಿ)

ಉತ್ತರ: ಇದು ಮಕ್ಕಳಿಗೇ ಮಾಡಿಸಬಹುದಾದ ಲೆಕ್ಕ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಬೋರ್‌ವೆಲ್ ನೀರಿನಲ್ಲಿ 3 ಮಿಲಿಗ್ರಾಂ ಇದ್ದರೆ, ಒಂದು ಬಿಂದಿಗೆಗೆ ಒಂದು ಬಿಂದಿಗೆ ಮಳೆನೀರು ಸೇರಿಸಿದಾಗ ಅದು 1.5ಕ್ಕೂ, ಎರಡು ಬಿಂದಿಗೆ ಸೇರಿಸಿದಾಗ 1ಕ್ಕೂ ಇಳಿಯುತ್ತದೆ. ನೀರಿಗೆ ನೀರು ಸೇರಿದಾಗ ಗಾತ್ರವೂ ಸರಿಯಾಗಿ ಕೂಡುತ್ತದೆ. ಮೊದಲ ಮಳೆ ಮಾಳಿಗೆಯನ್ನು ತೊಳೆದುಹೋಗಲಿ, ಆಮೇಲಿನ ನೀರನ್ನು ಸೋಸಿ ತುಂಬಿಸಿ, ಕುಡಿಯುವ ಮೊದಲು ಕುದಿಸಿ.

ಪ್ರಶ್ನೆ: ತಾಮ್ರದ ಬಿಂದಿಗೆಯಲ್ಲಿ ರಾತ್ರಿಯಿಡೀ ಇಟ್ಟರೆ ಫ್ಲೋರೈಡ್ ಹೋಗುತ್ತದೆಯೇ? (ಕೋಲಾರದ ಗೃಹಿಣಿ)

ಉತ್ತರ: ಹೋಗುವುದಿಲ್ಲ. ಹಲವು ಗಂಟೆಗಳಲ್ಲಿ ನೀರಿಗೆ ಇಳಿಯುವ ಅತ್ಯಲ್ಪ ತಾಮ್ರ ಕೆಲವು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಫ್ಲೋರೈಡನ್ನು ಅದು ಮುಟ್ಟುವುದೇ ಇಲ್ಲ. ಕಲಾಯಿ ಇಲ್ಲದ ಆ ಬಿಂದಿಗೆಯಲ್ಲಿ ಮಜ್ಜಿಗೆಯನ್ನಾಗಲಿ ನಿಂಬೆ ಪಾನಕವನ್ನಾಗಲಿ ಮಾತ್ರ ಇಡಬೇಡಿ. ಹುಳಿಗೆ ತಾಮ್ರ ಬೇಗನೆ ಕರಗುತ್ತದೆ.