ನಮ್ಮತ್ತೆ ನರಕಕ್ಕೆ ಹೋದರಾ?

ಪ್ರಶ್ನೆ: ನಾವು ಕಥೋಲಿಕರು, ನಾನು ಮದುವೆಯಾಗಿದ್ದು ಹಿಂದೂ ಮನೆಗೆ. ಅತ್ತೆ ನನ್ನನ್ನು ಮಗಳ ಹಾಗೆ ನೋಡಿಕೊಂಡರು. ಪ್ರತಿ ವರ್ಷ ನಾಯಕನಹಟ್ಟಿ ತೇರಿಗೆ ಹೋಗುತ್ತಿದ್ದವರು ಕಳೆದ ತಿಂಗಳು ತೀರಿಕೊಂಡರು. ಮಾತಾಡಿಸಲು ಬಂದ ಪಾಸ್ಟರ್ ಒಬ್ಬರು, "ಯೇಸುವನ್ನು ನಂಬದೆ ಹೋದರಲ್ಲಮ್ಮ, ನರಕ ತಪ್ಪಲ್ಲ" ಅಂದರು. ನನ್ನ ತಂಗಿ, "ಕೊನೆಗೆ ದೇವರು ಎಲ್ಲರನ್ನೂ ಸೇರಿಸಿಕೊಳ್ಳುತ್ತಾನೆ, ಸುಮ್ನಿರು" ಅನ್ನುತ್ತಾಳೆ. ಯಾರ ಮಾತು ನಿಜ?
– ಹೆಸರು ಬೇಡ, ಚಳ್ಳಕೆರೆ

ಉತ್ತರ: ದಾವಣಗೆರೆಯಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಟ್ಟವಳಮ್ಮ ನಾನು. ನಮ್ಮ ಧರ್ಮಸಭೆ, ಅಂದರೆ ಕಥೋಲಿಕ ಚರ್ಚು, ಹೇಳುವುದನ್ನೇ ಹೇಳುತ್ತೇನೆ. ಪಾಸ್ಟರ್ ಒಪ್ಪಲಿಕ್ಕಿಲ್ಲ.

ಇಂಥವರು ಸ್ವರ್ಗದಲ್ಲಿದ್ದಾರೆ ಅಂತ ಸಭೆ ಹೆಸರು ಹಿಡಿದು ಹೇಳುತ್ತದೆ. ಅವರನ್ನೇ ಸಂತರು ಅನ್ನುವುದು. ಇಂಥವರು ನರಕದಲ್ಲಿದ್ದಾರೆ ಅಂತ ಮಾತ್ರ ಇವತ್ತಿನವರೆಗೂ ಒಬ್ಬರ ಬಗ್ಗೆಯೂ ಘೋಷಿಸಿಲ್ಲ. ಯೇಸುವನ್ನು ಹಿಡಿದುಕೊಟ್ಟ ಯೂದನ ಬಗ್ಗೆಯೂ ಇಲ್ಲ! ಹಾಗಿರುವಾಗ ನಿಮ್ಮತ್ತೆ ಬಗ್ಗೆ ತೀರ್ಪು ಕೊಡಲು ಆ ಪುಣ್ಯಾತ್ಮ ಯಾರು? ಅದೂ ಸಾವಿನ ಮನೆಯಲ್ಲಿ.

ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದವರು, ಪ್ರಾಮಾಣಿಕವಾಗಿ ದೇವರನ್ನು ಹುಡುಕಿ ಮನಸ್ಸಾಕ್ಷಿಯಂತೆ ನಡೆದರೆ ಅವರಿಗೂ ರಕ್ಷಣೆ ಸಿಗಬಹುದು ಎಂದು ಲೋಕದ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಹೇಳಿದೆ. "ಸೊಸೆ ಕ್ರೈಸ್ತಳಲ್ವಾ, ಅವರಿಗೆ ಯೇಸು ಗೊತ್ತಿತ್ತಲ್ಲ" ಅಂತ ಯಾರಾದರೂ ಕೊಂಕು ತೆಗೆಯಬಹುದು. ಗೋಡೆ ಮೇಲಿನ ಫೋಟೊ ನೋಡಿದ ಮಾತ್ರಕ್ಕೆ ಅರಿತಂತಾಯಿತೇ? ಅದನ್ನು ಅಳೆಯುವುದು ನಮ್ಮ ಕೆಲಸವಲ್ಲ.

ಇನ್ನು ನಿಮ್ಮ ತಂಗಿ ಮಾತು. ಅದು ಹೊಸದಲ್ಲ. ಮೂರನೇ ಶತಮಾನದಲ್ಲೇ ಅಲೆಕ್ಸಾಂಡ್ರಿಯದ ಕ್ರೈಸ್ತ ಪಂಡಿತ ಒರಿಗೆನ್, ಕೊನೆಗೆ ಎಲ್ಲವೂ ದೇವರಲ್ಲಿಗೆ ಮರಳುತ್ತದೆ ಎಂದು ಬರೆದಿದ್ದ. 553ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಅವನನ್ನು ತಪ್ಪು ಬೋಧಕರ ಸಾಲಿಗೆ ಸೇರಿಸಿತು. ತಮಾಷೆ ಏನು ಗೊತ್ತೇ? ಹೆಚ್ಚುಕಡಿಮೆ ಅದೇ ಆಸೆ ಇಟ್ಟುಕೊಂಡಿದ್ದ ನಾಲ್ಕನೇ ಶತಮಾನದ ಬಿಷಪ್ ನಿಸ್ಸಾದ ಗ್ರೆಗೊರಿ ಇವತ್ತಿಗೂ ಸಂತ.

ಆದರೆ ಎಲ್ಲರೂ ಖಂಡಿತ ಪಾರಾಗುತ್ತಾರೆ ಅಂತ ಸಭೆ ಕಲಿಸುವುದಿಲ್ಲ. ಬೈಬಲಿನ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ನಿತ್ಯ ಶಿಕ್ಷೆಯ ಮಾತಾಡುವವರು ಯೇಸುವೇ. ಅದು ಹಸಿದವರಿಗೆ ಊಟ, ಬಾಯಾರಿದವರಿಗೆ ನೀರು ಕೊಡದವರಿಗೆ ಹೇಳಿದ್ದು ಅನ್ನುವುದನ್ನು ಪಾಸ್ಟರ್ ಮರೆತಂತಿದೆ. ದೇವರು ಎಲ್ಲರಿಗೂ ರಕ್ಷಣೆ ಬಯಸುತ್ತಾನೆ, ಆದರೆ ಬೇಡ ಅನ್ನುವವನನ್ನು ಕತ್ತು ಹಿಡಿದು ಒಳಗೆ ಎಳೆದುಕೊಳ್ಳುವುದಿಲ್ಲ. ಹಾಗಾಗಿ ಗ್ಯಾರಂಟಿ ಇಲ್ಲ, ಆಸೆ ಇಟ್ಟುಕೊಳ್ಳಲು ಅಡ್ಡಿಯೂ ಇಲ್ಲ. ಜಪಮಾಲೆ ಹೇಳುವಾಗ ಪ್ರತಿ ಹತ್ತು ಮಣಿಗೊಮ್ಮೆ ಎಲ್ಲ ಆತ್ಮಗಳನ್ನೂ ಸ್ವರ್ಗಕ್ಕೆ ಸೇರಿಸು ಅಂತ ಬೇಡುತ್ತೇವಲ್ಲ, ಸುಮ್ನೆ ಬಾಯಿಪಾಠಕ್ಕಾ?

"ಮಾಡಿದಷ್ಟು ನೀಡು ಭಿಕ್ಷೆ" ಅನ್ನುವ ನಾಯಕನಹಟ್ಟಿ ತಿಪ್ಪೇಸ್ವಾಮಿಯ ಮಾತು ನಿಮ್ಮತ್ತೆಗೆ ಗೊತ್ತಿದ್ದೇ ಇರುತ್ತದೆ. ನ್ಯಾಯದ ಮಾತು. ಯೇಸುವಿನ ದ್ರಾಕ್ಷಿತೋಟದ ಕಥೆಯಲ್ಲಿ ಲೆಕ್ಕವೇ ಬೇರೆ. ಸಂಜೆ ಐದಕ್ಕೆ ಬಂದವನಿಗೂ ಪೂರ್ತಿ ಕೂಲಿ! ಬೆಳಿಗ್ಗೆಯಿಂದ ದುಡಿದವರು ಗೊಣಗುತ್ತಾರೆ. "ಎಲ್ಲರೂ ಸ್ವರ್ಗಕ್ಕೆ ಹೋಗೋದಾದ್ರೆ ನಾವ್ಯಾಕೆ ಚರ್ಚಿಗೆ ಹೋಗ್ಬೇಕಿತ್ತು" ಅನ್ನುವವರನ್ನು ಕಂಡರೆ ನನಗೆ ಆ ಗೊಣಗಾಟವೇ ಕೇಳಿಸುತ್ತದೆ.

ಹರಿಹರದ ಆರೋಗ್ಯ ಮಾತೆಯ ಬಸಿಲಿಕಕ್ಕೆ ಹೋದಾಗ ಅತ್ತೆ ಹೆಸರಲ್ಲಿ ಪೂಜೆ (ಚರ್ಚಿನ ಮಾಸ್) ಕೊಡಿಸಿ. ಕ್ರೈಸ್ತರಲ್ಲ ಅಂತ ಹಿಂಜರಿಯಬೇಡಿ. ಬದುಕಿದ್ದವರಾಗಲಿ ಸತ್ತವರಾಗಲಿ, ಯಾರಿಗಾಗಿ ಬೇಕಾದರೂ ಗುರುಗಳು ಪೂಜೆ ಅರ್ಪಿಸಬಹುದು ಎಂದು ಧರ್ಮಸಭೆಯ ಕಾನೂನೇ ಹೇಳುತ್ತದೆ.