ಬಳ್ಳಾರಿಯಲ್ಲಿದ್ದುಕೊಂಡು ದೂರದ ಗುರಿಗೆ ರೈಫಲ್ ಶೂಟಿಂಗ್ ಮಾಡಲು ಎಷ್ಟು ಖರ್ಚಾಗುತ್ತದೆ?

ನಿಮ್ಮ ಊರು ಬಳ್ಳಾರಿ, ಸಂಬಳ 35,000. ಸಾವಿರ ಗಜ ದೂರದ ಗುರಿಗೆ ಹೊಡೆಯುವ ವಿಡಿಯೊ ನೋಡಿ ಆಸೆ ಹುಟ್ಟಿದೆ. ಸ್ಪರ್ಧೆಗೆ ಹೋಗುವ ಮಟ್ಟಕ್ಕೆ ಬರಬೇಕು ಅಂದರೆ ಎಷ್ಟು ದುಡ್ಡು ಬೇಕು ಅಂತ ಕೇಳಿದ್ದೀರಿ. ಜೊತೆಗೆ 1,20,000ಕ್ಕೆ ಒಂದು ಹಳೇ ಜರ್ಮನ್ ಏರ್ ರೈಫಲ್ ಸಿಗುತ್ತಿದೆ, ತಗೊಳ್ಳಲಾ ಅಂತಲೂ ಕೇಳಿದ್ದೀರಿ. ರೈಫಲ್ ವಿಷಯ ಕೊನೆಗೆ ಹೇಳುತ್ತೇನೆ. ಅಲ್ಲಿವರೆಗೆ ದಯವಿಟ್ಟು ಅಡ್ವಾನ್ಸ್ ಕೊಡಬೇಡಿ.

ನಾನೂ ಬಳ್ಳಾರಿಯವನೇ. ಇಲ್ಲೇ ಮುಂಡರಗಿ ಕಡೆ ಒಂದು ಜೀನ್ಸ್ ಯೂನಿಟ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಆರು ವರ್ಷದಿಂದ ಶೂಟಿಂಗ್ ಮಾಡುತ್ತಿದ್ದೇನೆ. ತೋರಿಸೋಕೆ ಪದಕ ಇಲ್ಲ, ಆದರೆ ಖರ್ಚಿನ ಪುಸ್ತಕ ಇದೆ. ದಾರ, ಗುಂಡಿ, ಜಿಪ್ಪು ಅಂತ ದಿನವಿಡೀ ಬರೆಯುವವನಿಗೆ ಸ್ವಂತ ಖರ್ಚನ್ನೂ ಬರೆದಿಡುವ ಚಟ. ಕೆಳಗಿನ ಅಂಕಿಗಳೆಲ್ಲ ಆ ಪುಸ್ತಕದವು. ನಿಮಗೆ ಸ್ವಲ್ಪ ಆಚೀಚೆ ಆಗಬಹುದು.

ಮೊದಲು ಸಾವಿರ ಗಜದ ಮಾತು. ಸಾವಿರ ಗಜ ಅಂದರೆ 914 ಮೀಟರ್. ಇಂಗ್ಲೆಂಡಿನ ಬಿಸ್ಲಿಯಲ್ಲಿ 1890ರಿಂದ ಇಂಥ ದೂರದ ಪಂದ್ಯಗಳು ನಡೆಯುತ್ತಿವೆ. ಅಲ್ಲಿ ಅದಕ್ಕೆ ಅಂತಲೇ ಮೈದಾನ ಇದೆ, ಕ್ಲಬ್ ಇದೆ, ನೂರು ವರ್ಷಕ್ಕೂ ಮೀರಿದ ರೂಢಿ ಇದೆ. ನಮ್ಮಲ್ಲಿ ಸಾಮಾನ್ಯ ಮನುಷ್ಯನಿಗೆ ತೆರೆದಿರುವ ದಾರಿ ಬೇರೆ. 10 ಮೀಟರ್ ಏರ್ ರೈಫಲ್, ಆಮೇಲೆ 50 ಮೀಟರ್ ಪಾಯಿಂಟ್ ಟೂ ಟೂ, ಅದರಾಚೆ 300 ಮೀಟರ್ ಬಿಗ್ ಬೋರ್. ಬೋರ್ ಅಂದರೆ ನಳಿಕೆಯ ಒಳಗಿನ ಅಳತೆ, ಪಾಯಿಂಟ್ ಟೂ ಟೂ ಅಂದರೆ 0.22 ಇಂಚು. ಈ 300 ಮೀಟರ್ 1972ರ ನಂತರ ಒಲಿಂಪಿಕ್ಸ್‌ನಲ್ಲೂ ಇಲ್ಲ. ಸೈನ್ಯ ಬಳಸುವ ಬೋರ್‌ಗಳು ನಮ್ಮಂಥವರಿಗೆ ನಿಷೇಧ. ಪರವಾನಗಿ ಇಲ್ಲದೆ ಮನೆಯಲ್ಲಿ ಮದ್ದು ತುಂಬಿ ಗುಂಡು ಮಾಡಿಕೊಳ್ಳೋದು ಅಪರಾಧ. ಆ ವಿಡಿಯೊದಲ್ಲಿ ಕಂಡಂಥ ವೇಗದ ಗುಂಡಿನ ರೈಫಲ್‌ಗಳಲ್ಲಿ ಕೆಲವಕ್ಕೆ ಎರಡು ಮೂರು ಸಾವಿರ ಗುಂಡಿಗೇ ಬ್ಯಾರಲ್ ಸವೆದುಹೋಗುತ್ತದೆ. ಅಂದರೆ ಗುಂಡು ಖರ್ಚಾಗುವುದರ ಜೊತೆ ರೈಫಲ್ ಕೂಡ ಚೂರು ಚೂರೇ ಖರ್ಚಾಗುತ್ತಿರುತ್ತದೆ. ಹಾಗಾಗಿ ಸಾವಿರ ಗಜವನ್ನು ಸದ್ಯಕ್ಕೆ ವಿಡಿಯೊದಲ್ಲೇ ಇರಲು ಬಿಡಿ.

10 ಮೀಟರ್ ಅಂದರೆ ಮಕ್ಕಳಾಟ ಅಂತ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಆ ಗುರಿಯ ನಡುವಿನ ಹತ್ತು ಅಂಕದ ಚುಕ್ಕಿ ಅರ್ಧ ಮಿಲಿಮೀಟರ್. ಪತ್ರಿಕೆಯಲ್ಲಿ ವಾಕ್ಯದ ಕೊನೆಗೆ ಹಾಕುವ ಪೂರ್ಣವಿರಾಮದಷ್ಟು. ಅದನ್ನು ನಿಂತುಕೊಂಡು, ಐದು ಕಿಲೋ ತೂಗುವ ರೈಫಲ್ ಹಿಡಿದು, 75 ನಿಮಿಷದಲ್ಲಿ 60 ಸಲ ಹೊಡೆಯಬೇಕು. ಮೊದಲ ತಿಂಗಳು ನನ್ನ ಪೆಲೆಟ್‌ಗಳು, ಅಂದರೆ ಏರ್ ರೈಫಲ್‌ನ ಪುಟ್ಟ ಗುಂಡುಗಳು, ಕಾಗದದ ಮೇಲೆ ಬಿದ್ದರೆ ಅದೇ ದೊಡ್ಡದು.

ಇಲ್ಲಿ ಒಂದು ಸಮಾಧಾನದ ಸಂಗತಿ ಇದೆ. ಪಾಯಿಂಟ್ ಒನ್ ಸೆವೆನ್ ಸೆವೆನ್ ಬೋರ್, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಏರ್ ರೈಫಲ್‌ಗೆ ಆಯುಧ ಪರವಾನಗಿ ಬೇಡ. ಗುರುತಿನ ಚೀಟಿ, ವಿಳಾಸದ ದಾಖಲೆ ಕೊಟ್ಟು ತಗೊಳ್ಳಬಹುದು. ಹಾಗಂತ ಸಂಡೂರಿನ ಗುಡ್ಡಕ್ಕೆ ಹೋಗಿ ಬಾಟಲಿಗೆ ಹೊಡೆಯುವ ಪ್ಲಾನ್ ಇದ್ದರೆ ಈ ಉತ್ತರ ಇಲ್ಲಿಗೇ ನಿಲ್ಲಿಸಿ. ನನ್ನ ಗೆಳೆಯರು ಎಲ್ಲರೂ ಮೊದಲು ಹೇಳಿದ್ದು ಅದನ್ನೇ.

ಈಗ ಲೆಕ್ಕ. ನಾನು ತಗೊಂಡ ರೈಫಲ್ ಸೆಕೆಂಡ್ ಹ್ಯಾಂಡ್, 1,40,000. ಹೊಸದಾದರೆ ಎರಡು ಲಕ್ಷದ ಮೇಲೆ ಎಲ್ಲಿಗೆ ಬೇಕಾದರೂ ಹೋಗುತ್ತದೆ. ರೈಫಲ್ ಬಂದ ದಿನ ಖರ್ಚು ಮುಗಿಯಿತು ಅಂದುಕೊಂಡು ಮನೆಯಲ್ಲಿ ಮೈಸೂರು ಪಾಕ್ ಹಂಚಿದ್ದೆ. ಆಮೇಲೆ ಜಾಕೆಟ್ ಮತ್ತು ಪ್ಯಾಂಟ್ 38,000, ಬೂಟು 9,000, ಕೈಗವಸು 2,500, ಗಾಳಿ ತುಂಬುವ ಹ್ಯಾಂಡ್ ಪಂಪ್ 16,000. ಪೆಲೆಟ್ ಹಿಡಿಯುವ ಕಬ್ಬಿಣದ ಪೆಟ್ಟಿಗೆ ಮತ್ತು ಸ್ಟ್ಯಾಂಡನ್ನು ಇಲ್ಲೇ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆ, 1,800. ಇಡೀ ಪಟ್ಟಿಯಲ್ಲಿ ಬಳ್ಳಾರಿಯಲ್ಲಿ ಹುಟ್ಟಿದ್ದಕ್ಕೆ ಅಗ್ಗವಾಗಿ ಸಿಕ್ಕಿದ್ದು ಅದೊಂದೇ.

ಗಾಳಿಯ ಬಗ್ಗೆ ಎಚ್ಚರ. ಈ ರೈಫಲ್‌ಗಳ ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡದ ಗಾಳಿ ಇರುತ್ತದೆ. ದೊಡ್ಡ ಊರಲ್ಲಾದರೆ ಕ್ಲಬ್‌ನಲ್ಲೇ ತುಂಬಿಸಿಕೊಡುತ್ತಾರೆ. ನಮ್ಮಲ್ಲಿ ನಾನು ಗ್ಯಾಸ್ ಸಿಲಿಂಡರ್ ಅಂಗಡಿಯಲ್ಲಿ ವಿಚಾರಿಸಿದೆ. "ಗಾಳಿ ಯಾಕ್ರೀ, ಆಕ್ಸಿಜನ್ ಹಾಕಿಕೊಡ್ತೀನಿ, ಪ್ಯೂರ್ ಇರ್ತದೆ" ಅಂದರು ಅಂಗಡಿಯವರು, ಬಹಳ ಪ್ರೀತಿಯಿಂದ. ಆ ಒತ್ತಡದಲ್ಲಿ ಆಕ್ಸಿಜನ್‌ಗೆ ಒಂದು ಹನಿ ಎಣ್ಣೆ ಅಥವಾ ಗ್ರೀಸ್ ತಾಗಿದರೆ ಸಾಕು, ಸ್ಫೋಟ ಆಗಬಹುದು. ಯಾರು ಎಷ್ಟೇ ಪ್ರೀತಿಯಿಂದ ಹೇಳಿದರೂ ಬೇಡ. ಉಸಿರಾಡುವ ಒಣ ಗಾಳಿ ಮಾತ್ರ. ಅದಕ್ಕೇ 16,000 ಕೊಟ್ಟು ಪಂಪ್ ತಗೊಂಡೆ. ಏಪ್ರಿಲ್‌ನಲ್ಲಿ ಅದನ್ನು ಹೊಡೆಯುವಾಗ ಜಿಮ್ ಫೀಸ್ ಉಳಿಯಿತು ಅಂದುಕೊಳ್ಳುತ್ತೇನೆ.

ಜಾಕೆಟ್ ಕಥೆ ಸ್ವಲ್ಪ ದೊಡ್ಡದು. ಶೂಟಿಂಗ್ ಜಾಕೆಟ್ ಬೆಚ್ಚಗಿಡೋಕಲ್ಲ. ಕ್ಯಾನ್ವಾಸ್, ಚರ್ಮ ಸೇರಿಸಿ ಹೊಲಿದ ಗಡುಸಾದ ಬಟ್ಟೆ. ನೆಲಕ್ಕಿಟ್ಟರೆ ತಾನೇ ಅರ್ಧ ಎದ್ದು ನಿಲ್ಲುತ್ತದೆ. ಬೆನ್ನಿಗೆ ಆಧಾರ ಕೊಡುತ್ತದೆ. ಎರಡನೇ ವರ್ಷ ನಾನು ಸ್ವಲ್ಪ ತೆಳ್ಳಗಾದೆ, ಜಾಕೆಟ್ ಸಡಿಲ ಆಯಿತು. ನಾನಿರೋದು ಜೀನ್ಸ್ ಊರಲ್ಲಿ. ಎಂಥ ದಪ್ಪ ಬಟ್ಟೆ ಕೊಟ್ಟರೂ ಹೊಲಿಯುವ ಟೈಲರ್‌ಗಳು ಗಲ್ಲಿಗೊಬ್ಬರು. ಪರಿಚಯದ ಒಬ್ಬರಿಗೆ ಕೊಟ್ಟೆ. ಅವರು ಜೀನ್ಸ್ ಪ್ಯಾಂಟಿಗೆ ಮಾಡುವ ಹಾಗೆ ಎರಡೂ ಪಕ್ಕ ಒಳಗೆ ಮಡಚಿ, ಡಬಲ್ ಹೊಲಿಗೆ ಹಾಕಿ, ಇಸ್ತ್ರಿ ಮಾಡಿ ಕೊಟ್ಟರು. 150 ರೂಪಾಯಿ. ಅಷ್ಟು ಚೆಂದದ ಹೊಲಿಗೆ ನಾನು ಕಂಡಿಲ್ಲ.

ಆ ವರ್ಷ ಹೊರರಾಜ್ಯದ ಒಂದು ಪಂದ್ಯಕ್ಕೆ ಹೋದೆ. ಅಲ್ಲಿ ಪಂದ್ಯಕ್ಕೂ ಮೊದಲು ಬಟ್ಟೆ ಪರೀಕ್ಷೆ ಇರುತ್ತದೆ. ಜಾಕೆಟ್ ದಪ್ಪ ಎಲ್ಲೂ 2.5 ಮಿಲಿಮೀಟರ್ ಮೀರಬಾರದು. ಮೊಣಕೈ, ಭುಜದ ತೇಪೆಗೆ ಮಾತ್ರ ಬೇರೆ ಲೆಕ್ಕ. ಪರೀಕ್ಷಕರು ಪಕ್ಕದ ಹೊಲಿಗೆಗೆ ಗೇಜ್ ಇಟ್ಟರು, ಮುಳ್ಳು ನೋಡಿದರು, ನನ್ನ ಮುಖ ನೋಡಿದರು. ಇನ್ನೊಂದು ಕಡೆ ಇಟ್ಟರು. ಅಲ್ಲೂ ಅದೇ. ಬಿಚ್ಚೋಣ ಅಂದರೆ ಬ್ಲೇಡಿಗೂ ಬಗ್ಗದ ಹೊಲಿಗೆ. ಕೊನೆಗೆ ಟೀ ಶರ್ಟಿನಲ್ಲೇ ನಿಂತು 60 ಶಾಟ್ ಹೊಡೆದೆ. ಸ್ಕೋರ್ ಹೇಳಲ್ಲ. ಪುಸ್ತಕದಲ್ಲಿ ಮಾತ್ರ ಬರೆದಿದ್ದೇನೆ: ಹೊಲಿಗೆ 150, ಅದರಿಂದ ದಂಡವಾದ ರೈಲು, ಊಟ, ವಸತಿ, ಎಂಟ್ರಿ ಫೀ 11,400. ಟೈಲರ್ ತಪ್ಪಿಲ್ಲ. ನಿಯಮದ ಪುಸ್ತಕ ಓದಬೇಕಿದ್ದವನು ನಾನು.

ಇದೆಲ್ಲ ಒಂದು ಸಲದ ಖರ್ಚು. ಬಂದ ಮೇಲೆ ಮುಗಿಯಿತು. ನಿಜವಾಗಿ ತಿನ್ನೋದು ಶಾಟ್‌ಗಳು. ವಾರಕ್ಕೆ ನಾಲ್ಕು ದಿನ, ದಿನಕ್ಕೆ 60 ಅಂದರೆ ವರ್ಷಕ್ಕೆ ಹತ್ತಿರಹತ್ತಿರ 12,000 ಪೆಲೆಟ್. 500ರ ಡಬ್ಬಿಯಲ್ಲಿ 24 ಡಬ್ಬಿ. ಅಭ್ಯಾಸಕ್ಕೆ ಸಾದಾ ಪೆಲೆಟ್ 700ರ ಹಾಗೆ 18, ಪಂದ್ಯಕ್ಕೆ ಒಳ್ಳೆಯದು 1,400ರ ಹಾಗೆ 6. ಒಟ್ಟು 21,000. ಜೀನ್ಸ್ ಯೂನಿಟ್‌ನಲ್ಲಿ ವರ್ಷಕ್ಕೆ ಸೂಜಿಗೆ ಆಗುವ ಖರ್ಚಿಗಿಂತ ಜಾಸ್ತಿ ಅಂತ ನಮ್ಮ ಮಾಲೀಕರು ನಕ್ಕಿದ್ದರು. ಅಂದಹಾಗೆ ಪೆಲೆಟ್ ಸೀಸದ್ದು. ಅಭ್ಯಾಸ ಆದ ಮೇಲೆ ಕೈ ತೊಳೆಯದೆ ಮಂಡಕ್ಕಿ ಒಗ್ಗರಣೆ ತಟ್ಟೆಗೆ ಕೈ ಹಾಕಬೇಡಿ.

ಆಮೇಲೆ 50 ಮೀಟರ್. ಪ್ಯಾರಿಸ್ 2024ರಲ್ಲಿ ಕೊಲ್ಹಾಪುರದ ಕಡೆಯ ಹುಡುಗ, ಆಗ ರೈಲ್ವೆ ಟಿಕೆಟ್ ಕಲೆಕ್ಟರ್ ಆಗಿದ್ದ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದರಲ್ಲ, ಅದು 50 ಮೀಟರ್ ತ್ರೀ ಪೊಸಿಷನ್. ಮಂಡಿಯೂರಿ, ಮಲಗಿ, ನಿಂತು ಹೊಡೆಯುವುದು. ನೀವು ಕೇಳುವ "ದೂರ" ನಿಜವಾಗಿ ಶುರುವಾಗೋದು ಇಲ್ಲಿ. ಗಾಳಿ ಬೀಸಿದರೆ ಗುಂಡು ಸರಿಯುತ್ತದೆ. ಹತ್ತರ ವೃತ್ತ 10.4 ಮಿಲಿಮೀಟರ್.

ಪಾಯಿಂಟ್ ಟೂ ಟೂಗೆ ಪರವಾನಗಿ ಬೇಕು. ಡಿಸಿ ಕಚೇರಿ, ಪೊಲೀಸ್ ವಿಚಾರಣೆ, ವೈದ್ಯರ ಸರ್ಟಿಫಿಕೇಟ್, ತರಬೇತಿ ಪತ್ರ ಎಲ್ಲ ಆಗಬೇಕು. ಚುನಾವಣೆ ಬಂದರೆ ಬಂದೂಕು ಠೇವಣಿ ಇಡುವ ಮಾತು ಬೇರೆ. ಅದಕ್ಕೇ ನಾನು ಸ್ವಂತ ರೈಫಲ್ ಮಾಡಿಲ್ಲ. ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ಕ್ಲಬ್ ರೈಫಲ್‌ನಲ್ಲಿ, ಕ್ಲಬ್ ಕೊಡುವ ಗುಂಡಿನಲ್ಲಿ 100 ಶಾಟ್ ಹೊಡೆದು ಬರುತ್ತೇನೆ.

ಶನಿವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್, ಸ್ಲೀಪರ್. ಭಾನುವಾರ ರಾತ್ರಿ ವಾಪಸ್. ಸೋಮವಾರ ಬೆಳಗ್ಗೆ ಸ್ನಾನ ಮಾಡಿ ಸೀದಾ ಕೆಲಸಕ್ಕೆ. ರೈಲು 600, ರೇಂಜ್ (ಶೂಟಿಂಗ್ ಮಾಡುವ ಜಾಗ) ಮತ್ತು ರೈಫಲ್ ಬಾಡಿಗೆ 800, ಆಟೊ, ಊಟ 700, ಗುಂಡು 28ರ ಹಾಗೆ 2,800. ಒಟ್ಟು 4,900. ಈಗ ನೀವೇ ಭಾಗಿಸಿ. ಗುಂಡಿನ ಬೆಲೆ 28. ಅದು ಗುರಿ ಮುಟ್ಟುವ ಹೊತ್ತಿಗೆ 49. ನೀವು ಬೆಂಗಳೂರಿನಲ್ಲೇ ಇದ್ದಿದ್ದರೆ ಈ ವ್ಯತ್ಯಾಸ ಇಷ್ಟು ಇರುತ್ತಿರಲಿಲ್ಲ. ಯಾರಾದರೂ ಶೂಟಿಂಗ್ ದುಬಾರಿ ಅಂದರೆ ನನಗೆ ಮೊದಲು ನೆನಪಾಗೋದು ರೈಫಲ್ ಅಲ್ಲ, ಈ 21 ರೂಪಾಯಿ. ಒಂದು ಶಾಟ್ ಕೆಟ್ಟರೆ 49 ಹೋಯಿತು ಅಂತ ಮನಸ್ಸು ಲೆಕ್ಕ ಹಾಕೋಕೆ ಶುರು ಮಾಡುತ್ತದೆ, ಮುಂದಿನದೂ ಕೆಡುತ್ತದೆ. ಲೆಕ್ಕದವನಾಗಿ ಇದು ನನ್ನ ದೊಡ್ಡ ದೌರ್ಬಲ್ಯ.

ಪಂದ್ಯಗಳಿಗೆ ಹೋಗುವಾಗ ಮಾತ್ರ ಏರ್ ರೈಫಲ್ ಪೆಟ್ಟಿಗೆ ಜೊತೆಗಿರುತ್ತದೆ. ಒಮ್ಮೆ ಬೋಗಿಯಲ್ಲಿ ಎದುರಿಗೆ ಕೂತ ಅಜ್ಜ "ಕೀಬೋರ್ಡಾ ತಮ್ಮಾ? ಮದುವೆ ಆರ್ಡರ್ ಸಿಕ್ಕೈತಾ?" ಅಂದರು. ಹೌದು ತಾತಾ ಅಂದುಬಿಟ್ಟೆ. ಆಮೇಲೆ ರಾತ್ರಿಯಿಡೀ ಯಾವ ಹಾಡು ಬರುತ್ತೆ ಅಂತ ಕೇಳಿದರು.

ಪಂದ್ಯಗಳ ಖರ್ಚು ಬೇಗ ಹೇಳಿಬಿಡುತ್ತೇನೆ. ರಾಜ್ಯ ಮಟ್ಟದ್ದು ಒಂದಕ್ಕೆ 9,000 ಆಯಿತು. ದೆಹಲಿಗೆ ಹೋಗಿ ಬಂದದ್ದು 19,000. ಗುಂತಕಲ್‌ಗೆ ಹೋಗಿ ಅಲ್ಲಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದೆ. 1982ರ ಏಷ್ಯಾಡ್‌ನ ಕಾಲದ ಕರ್ಣಿ ಸಿಂಗ್ ರೇಂಜ್‌ನಲ್ಲಿ ನಿಂತಾಗ ಮಾತ್ರ ದುಡ್ಡಿನ ನೆನಪಾಗಲಿಲ್ಲ. ಸೇರಿಸಿದರೆ ಪೆಲೆಟ್ 21,000, ಬೆಂಗಳೂರು 58,800, ಪಂದ್ಯ 28,000. ವರ್ಷಕ್ಕೆ 1,07,800, ತಿಂಗಳಿಗೆ ಸುಮಾರು 9,000. ನಿಮ್ಮ ಸಂಬಳದ ಕಾಲು ಭಾಗಕ್ಕಿಂತ ಜಾಸ್ತಿ. ಬಾಡಿಗೆ ಮನೆ, ಇಎಂಐ ಇದ್ದರೆ ಕಷ್ಟ. 50 ಮೀಟರ್ ಬಿಟ್ಟು ಬರೀ 10 ಮೀಟರ್ ಮಾಡಿದರೆ ತಿಂಗಳಿಗೆ ಸುಮಾರು 4,000ದಲ್ಲಿ ಮುಗಿಯುತ್ತದೆ. ಮೊದಲ ಎರಡು ವರ್ಷ ಹಾಗೇ ಮಾಡಿ, ಏನೂ ನಷ್ಟವಿಲ್ಲ.

ಒಂದು ಪೈಸೆ ಖರ್ಚಿಲ್ಲದ್ದೂ ಒಂದಿದೆ. ಅದೇ ನನಗೆ ಜಾಸ್ತಿ ಅಂಕ ತಂದುಕೊಟ್ಟಿದ್ದು. ಬೆಳಗ್ಗೆ ಐದೂವರೆಗೆ, ಬಿಸಿಲು ಏರುವ ಮೊದಲು, ಪೆಲೆಟ್ ಹಾಕದೆ ಗೋಡೆಯ ಕರಿ ಚುಕ್ಕಿಗೆ ಗುರಿ ಹಿಡಿಯುತ್ತೇನೆ. ಉಸಿರು ಅರ್ಧ ಬಿಟ್ಟು ನಿಲ್ಲಿಸುತ್ತೇನೆ. ಟ್ರಿಗರ್ ಒತ್ತಿದರೆ ಟಕ್ ಅನ್ನುತ್ತದೆ, ಅಷ್ಟೇ. ಆ ಟಕ್ ಆದ ಮೇಲೂ ಚುಕ್ಕಿ ರೈಫಲ್ ತುದಿಯ ಉಂಗುರದ ನಡುವೆಯೇ ನಿಂತಿದ್ದರೆ ಶಾಟ್ ಸರಿ. ಅಲುಗಿದರೆ ಯಾಕೆ ಅಂತ ಯೋಚನೆ. ಇದಕ್ಕೆ ಡ್ರೈ ಅನ್ನುತ್ತಾರೆ. ಕಡ್ಡಾಯವಾಗಿ ಎರಡು ಸಲ ನಳಿಕೆ ಖಾಲಿ ಇದೆಯಾ ನೋಡಿಕೊಂಡೇ ಶುರು ಮಾಡಿ. ಪಕ್ಕದ ಮನೆಯವರಿಗೆ ಮಾತ್ರ ಮೊದಲೇ ಹೇಳಿಡಿ. ನಾನು ಹೇಳಿರಲಿಲ್ಲ, ಎದುರು ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಅಕ್ಕ ಬಕೆಟ್ ಬಿಟ್ಟು ಇಳಿದು ಓಡಿದ್ದರು.

ಇನ್ನು ನಿಮ್ಮ 1,20,000ದ ರೈಫಲ್. ನನ್ನದೂ ಹಾಗೇ ಚೆಂದ ಇತ್ತು, ಬ್ಯಾರಲ್ ಹೊಸದರ ಹಾಗಿತ್ತು. ನಾಲ್ಕು ತಿಂಗಳಾದ ಮೇಲೆ ಕೋಚ್ ಒಬ್ಬರು ಸಿಲಿಂಡರ್ ತಿರುಗಿಸಿ ಕೆತ್ತಿದ ತಾರೀಖು ತೋರಿಸಿದರು. ಗಾಳಿ ಸಿಲಿಂಡರ್‌ಗೆ ಸಾಮಾನ್ಯವಾಗಿ ಹತ್ತು ವರ್ಷದ ಆಯಸ್ಸು. ನನ್ನದಕ್ಕೆ ಮುಗಿದು ಎರಡು ತಿಂಗಳಾಗಿತ್ತು. ಅವಧಿ ಮುಗಿದದ್ದನ್ನು ಪಂದ್ಯದಲ್ಲಿ ಬಳಸುವ ಹಾಗಿಲ್ಲ, ಮನೆಯಲ್ಲೂ ಬಳಸಬಾರದು. ಹೊಸದಕ್ಕೆ 22,000 ಕೊಟ್ಟೆ. ಹೀಗೆ 1,40,000ದ ರೈಫಲ್ ಜಾಕೆಟ್, ಪಂಪ್ ಎಲ್ಲ ಸೇರಿ 2,29,300ಕ್ಕೆ ಬಂದು ನಿಂತಿತು. ಮಾರಿದವರು ಸುಳ್ಳು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ ಅಷ್ಟೇ.

ಹಾಗಾಗಿ ಅವರಿಗೆ ಫೋನ್ ಮಾಡಿ, ಸಿಲಿಂಡರ್ ಮೇಲೆ ಕೆತ್ತಿರುವ ತಾರೀಖಿನ ಫೋಟೊ ಕೇಳಿ. ಎರಡು ಸಿಲಿಂಡರ್ ಇದ್ದರೆ ಎರಡರದ್ದೂ ಕೇಳಿ. ಎರಡೂ ಮುಗಿದಿದ್ದರೆ 95,000ಕ್ಕೆ ಕೇಳಿ ನೋಡಿ. ಫೋಟೊ ಕಳಿಸೋಕೆ ತಡ ಮಾಡಿದರೆ ಬಿಟ್ಟುಬಿಡಿ, ಇಂಥ ರೈಫಲ್ ಇನ್ನೂ ಸಿಗುತ್ತವೆ.